ಎಪಿ ಸೈಕಾಲಜಿ ಪರೀಕ್ಷೆಗೆ ಓದೋದು ಹೇಗೆ

ಅಮೆರಿಕದಲ್ಲಿ ಹೈಸ್ಕೂಲ್ ಓದ್ತಿರೋ ನಮ್ಮ ಕಡೆ ಮಕ್ಕಳು "ಅದು ಈಸಿ ಆಂಟಿ, ಡೆಫಿನಿಷನ್ ಬಾಯಿಪಾಠ ಮಾಡಿದ್ರೆ ಸಾಕು" ಅಂತ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಲ್ಲೇ ಓದೋ ಕಾಲೇಜ್ ಮಟ್ಟದ ಕೋರ್ಸ್) ಸೈಕಾಲಜಿ ತಗೋತಾರೆ. ಬಾಯಿಪಾಠ ಮಾಡಿದವರೇ ಬರೆಯೋ ಭಾಗದಲ್ಲಿ ಅಂಕ ಕಳ್ಕೊಳ್ಳೋದು ನೋಡಿ ನೋಡಿ ಹೊಟ್ಟೆ ಉರಿಯುತ್ತೆ, ಅದಕ್ಕೇ ಬರೀತಿದ್ದೀನಿ.

ಮೊದಲು ಪುಸ್ತಕ ನೋಡ್ಕೊಳ್ಳಿ. 2025ರ ಮೇ ಪರೀಕ್ಷೆಯಿಂದ ಐದೇ ಯುನಿಟ್, 90 ನಿಮಿಷಕ್ಕೆ 75 ಎಂಸಿಕ್ಯೂ, ಆಮೇಲೆ 70 ನಿಮಿಷಕ್ಕೆ ಎರಡು ಬರೆಯೋ ಪ್ರಶ್ನೆ. 100 ಎಂಸಿಕ್ಯೂ ಇರೋ ಹಳೇ ಗೈಡ್ ಅಗ್ಗಕ್ಕೆ ಸಿಕ್ತು ಅಂತ ತಗೋಬೇಡಿ.

ಪದಗಳಿಗೆ ಕಾರ್ಡ್ ನೀವೇ ಮಾಡ್ಕೊಳ್ಳಿ, ಡೌನ್‌ಲೋಡ್ ಮಾಡಿದ್ದು ಬೇಡ್ವೇ ಬೇಡ. ಹಿಂದುಗಡೆ ಮನೆಯದೇ ಉದಾಹರಣೆ ಬರೀರಿ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂದ ತಕ್ಷಣ ಶಿಕ್ಷೆ ಅಂದ್ಕೋತಾರೆ. ಪಾತ್ರೆ ತೊಳೆದ್ರೆ ಅಮ್ಮನ ಗೊಣಗಾಟ ನಿಲ್ಲುತ್ತೆ, ಅದಕ್ಕೆ ನಾಳೆನೂ ತೊಳೀತೀರಲ್ಲ, ಅದೇ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್: ಬೇಡದ್ದು ನಿಲ್ಲುತ್ತೆ ಅಂತ ಆ ಕೆಲಸ ಮತ್ತೆ ಮಾಡೋದು.

ಬರೆಯೋ ಪ್ರಶ್ನೆಗಳಲ್ಲಿ ಕೈಕೊಡೋದು ಮೊದಲನೇದು, ಆರ್ಟಿಕಲ್ ಅನಾಲಿಸಿಸ್. 25 ನಿಮಿಷ, 7 ಅಂಕ, ಒಂದು ಸಂಶೋಧನೆಯ ಸಾರಾಂಶ ಕೊಡ್ತಾರೆ, ಅದರಲ್ಲಿ 10 ನಿಮಿಷ ಓದೋಕೆ, ಆ ಹತ್ತೂ ನಿಮಿಷ ಪೂರ್ತಿ ಓದಿ. ನಿದ್ದೆಗೆಟ್ಟರೆ ನೆನಪು ಕಮ್ಮಿಯಾಗುತ್ತಾ ಅನ್ನೋ ಪ್ರಯೋಗ ಅಂತಿಟ್ಕೊಳ್ಳಿ. ನೆನಪಿನ ಆಪರೇಷನಲ್ ಡೆಫಿನಿಷನ್ ಕೇಳಿದ್ರೆ "ಮಾಹಿತಿ ಹಿಡಿದಿಟ್ಕೊಳ್ಳೋ ಶಕ್ತಿ" ಅಂತ ಬರೆದ್ರೆ ಸೊನ್ನೆ. ಸಂಶೋಧಕರು ಅದನ್ನ ಹೇಗೆ ಅಳೆದ್ರು ಅಂತ ಬೇಕು: 20 ಪದದ ಪಟ್ಟಿ ಕೊಟ್ಟಿದ್ರೆ, ಅದರಲ್ಲಿ ಎಷ್ಟು ಪದ ನೆನಪಿಂದ ಬರೆದ್ರು ಅಂತ. ಫಲಿತಾಂಶ ಎಲ್ಲರಿಗೂ ಅನ್ವಯಿಸುತ್ತಾ ಅಂತ ಕೇಳಿದಾಗ "ಸ್ಯಾಂಪಲ್ ಚಿಕ್ಕದು" ಅಂತ ಬರೆದು ಕೈ ತೊಳ್ಕೊಂಡ್ರೆ ಆಗಲ್ಲ, ಭಾಗವಹಿಸಿದವರ ವಯಸ್ಸು, ಊರು ಏನು ಕೊಟ್ಟಿದ್ದಾರೋ ಅದನ್ನೇ ಎತ್ತಿ ಹೇಳಿ. ಎಥಿಕ್ಸ್‌ಗೂ (ಸಂಶೋಧನೆಯ ನೈತಿಕ ನಿಯಮ) ಅಷ್ಟೇ, ಈ ಸಂಶೋಧಕರು ಮಾಡಿದ್ದನ್ನ ಬರೀರಿ. ರ‍್ಯಾಂಡಮ್ ಸ್ಯಾಂಪ್ಲಿಂಗ್ ಅಂದ್ರೆ ಜನರನ್ನ ಚೀಟಿ ಎತ್ತಿದ ಹಾಗೆ ಆರಿಸೋದು, ರ‍್ಯಾಂಡಮ್ ಅಸೈನ್‌ಮೆಂಟ್ ಅಂದ್ರೆ ಆರಿಸಿದವರನ್ನ ಚೀಟಿ ಎತ್ತಿದ ಹಾಗೆ ಗುಂಪಿಗೆ ಹಂಚೋದು. ಇವೆರಡು ಕಲಸಿದ್ರೆ ಉತ್ತರವೇ ಹಾಳು.

ಎರಡನೇದು ಎವಿಡೆನ್ಸ್ ಪ್ರಶ್ನೆ, 45 ನಿಮಿಷ, ಮೂರು ಸಂಶೋಧನೆ. ಒಂದು ವಾಕ್ಯದಲ್ಲಿ ನಿಲುವು, ಎರಡು ಬೇರೆ ಬೇರೆ ಮೂಲದಿಂದ ಸಾಕ್ಷಿ, ಒಂದೊಂದು ಸಾಕ್ಷಿಯನ್ನ ವಿವರಿಸೋಕೂ ಬೇರೆ ಬೇರೆ ಸೈಕಾಲಜಿ ಕಾನ್ಸೆಪ್ಟ್.

ಪರೀಕ್ಷೆ ನಡೆಸೋ ಕಾಲೇಜ್ ಬೋರ್ಡ್ ಸೈಟಲ್ಲಿ ಹಿಂದಿನ ಪ್ರಶ್ನೆ, ಅಂಕ ಕೊಡೋ ವಿಧಾನ ಎರಡೂ ಪುಕ್ಕಟೆ ಸಿಗುತ್ತೆ. ವಾರಕ್ಕೊಂದು ಟೈಮರ್ ಇಟ್ಕೊಂಡು ಮಾಡಿ, ಅದೂ ಟೈಪ್ ಮಾಡಿ, ಪರೀಕ್ಷೆ ಇರೋದು ಬ್ಲೂಬುಕ್ ಆಪ್‌ನಲ್ಲಿ.