ತೀರ್ಥಹಳ್ಳಿ ಕಡೆಯ ಕಥೆ ಕುಸ್ತಿ: ಮಾತು ಮೊದಲು, ಪಟ್ಟು ಆಮೇಲೆ

ಟಿವಿಯ ರೆಸ್ಲಿಂಗ್ ಥರ, ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನಿಸಿ ಕಥೆ ಇಟ್ಟುಕೊಂಡು ಆಡುವ ಕುಸ್ತಿ ಮಲೆನಾಡಿನಲ್ಲಿ ನಡೆಯುವುದಿಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆಯಲ್ಲಿ ನಿಜವಾದ ಕುಸ್ತಿ ನೋಡಿ ಬೆಳೆದ ಜನ ಇವರು. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಅಂತ ದೂರದಿಂದಲೇ ಹೇಳುತ್ತಾರೆ. "ಮೊದಲೇ ಮಾತಾಡ್ಕೊಂಡು ಬೀಳೋದನ್ನ ನೋಡಕ್ಕೆ ಯಾರು ಬರ್ತಾರೆ ಮಾರಾಯ?" ಅಂತ ಊರಿನ ಸಂಘದ ಹಿರಿಯರು ಮುಖಕ್ಕೇ ಕೇಳಿದ್ದರು. "ಯಕ್ಷಗಾನದ ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತೆ ಅಂತ ಗೊತ್ತಿದ್ದೂ ನೀವು ಬೆಳಗಿನ ತನಕ ಕೂರ್ತೀರಲ್ಲ ಅಣ್ಣ" ಅಂದೆ. ಅವರು ಉತ್ತರ ಕೊಡಲಿಲ್ಲ, ದುಡ್ಡನ್ನೂ ಕೊಡಲಿಲ್ಲ. ಈ ಸಲ ಯುಗಾದಿ ಮುಂಚಿನ ಕೊನೆಯ ಆಟದಲ್ಲಿ ಅವರೇ ಮುಂದಿನ ಸಾಲಿನಲ್ಲಿ ಎದ್ದು ನಿಂತು ಕೂಗಿದರು. ಅದು ಹೇಗಾಯಿತು ಅಂತ ಎಷ್ಟೋ ಜನ ಕೇಳುತ್ತಿದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಬಂಪ್ ತೆಗೆದುಕೊಳ್ಳುವುದು, ಅಂದರೆ ಪೆಟ್ಟಾಗದಂತೆ ಬೀಳುವುದು ಹೇಗೆ, ಗಲ್ಲ ಎದೆಗೆ ಯಾಕೆ ಒತ್ತಬೇಕು ಅನ್ನುವುದೆಲ್ಲ ನಿಮಗೆ ಗೊತ್ತಿರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲ ಪ್ರಯತ್ನ ನೆಲ ಕಚ್ಚಿತ್ತು. ಗಣಪತಿ ಪೆಂಡಾಲಿನ ಪಕ್ಕದಲ್ಲೇ ಮಾಡಬೇಕು ಅಂತ ಸಂಘದಲ್ಲಿ ಹಟ ಹಿಡಿದರು. ಮಳೆ ನಿಂತಿರಲಿಲ್ಲ. ಶಾಮಿಯಾನ, ಮೈಕ್ ಸೆಟ್, ಬಾಡಿಗೆ ಮ್ಯಾಟ್, ಹುಡುಗರ ಬಟ್ಟೆ ಎಲ್ಲ ಸೇರಿ 50 ಸಾವಿರದ ಹತ್ತಿರ ಹೋಯಿತು. ವಾಪಸ್ ಬಂದದ್ದು 12 ಸಾವಿರ ಇರಬೇಕು. ಹುಡುಗರಿಗೆಲ್ಲ ಆಟಿಟ್ಯೂಡ್ ಎರಾ, ಅಂದರೆ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಕಂಪನಿಯ ತೊಂಬತ್ತರ ದಶಕದ ಕೊನೆಯ ಒರಟು ಕಾಲ, ತಲೆಗೆ ಹತ್ತಿತ್ತು. ಎರಡು ನಿಮಿಷಕ್ಕೊಂದು ಕುರ್ಚಿ ಏಟು, ಪ್ರತಿ ಪಂದ್ಯದಲ್ಲೂ ಮೂರನೆಯವನು ಓಡಿ ಬಂದು ಹೊಡೆಯುವುದು, ಒಂದಕ್ಕೂ ಸರಿಯಾದ ಫಿನಿಶ್ ಇಲ್ಲ. ಒಬ್ಬ ಹುಡುಗನ ಭುಜ ಜಾರಿತು. ಆಸ್ಪತ್ರೆಗೆ ಆರೇಳು ಸಾವಿರ ಸುರಿಯಿತು. ಅರ್ಧ ಆಟಕ್ಕೆ ಜನ ಎದ್ದು ಪ್ರಸಾದದ ಕಡೆ ಹೋದರು.

1998ರಲ್ಲಿ ರೆಸ್ಲರ್ ಸ್ಟೀವ್ ಆಸ್ಟಿನ್ ಮತ್ತು ಕಂಪನಿಯ ಯಜಮಾನ ವಿನ್ಸ್ ಮೆಕ್‌ಮಹನ್ ಜಗಳ ಅಷ್ಟು ಜೋರಾಗಿ ಓಡಿದ್ದು ಕುರ್ಚಿಯಿಂದಲ್ಲ. ಮೇಲಿನವನಿಗೆ ಎದುರು ನಿಲ್ಲಬೇಕು ಅನ್ನುವ ಆಸೆ ಕೂಲಿ ಮಾಡುವ ಪ್ರತಿಯೊಬ್ಬನಿಗೂ ಇರುತ್ತದೆ. ಆಮೇಲೆ ಬಂದವರು ಆ ಆಸೆ ಬಿಟ್ಟು ಬರೀ ದುಷ್ಟ ಯಜಮಾನನನ್ನು ಇಟ್ಟುಕೊಂಡರು. ವರ್ಷಗಟ್ಟಲೆ ಅದನ್ನೇ ತಿರುವಿ ಹಾಕಿದರು. ರೆಸ್ಲಿಂಗ್ ಕಥೆಗೆ ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಸವಕಲು ದಾರಿ ಹೊರದೇಶದಿಂದ ಬಂದ ರಾಕ್ಷಸ. 2007ರಲ್ಲಿ ನಮ್ಮ ದೇಶದ ಗ್ರೇಟ್ ಖಲಿ ವರ್ಲ್ಡ್ ಹೆವಿವೇಟ್ ಬೆಲ್ಟ್ ಗೆದ್ದಾಗ ನಮ್ಮ ಕ್ಲಾಸಿನಲ್ಲಿ ಹಬ್ಬ. ನಾವು ಆಡುತ್ತಿದ್ದ ರೆಸ್ಲರ್‌ಗಳ ಟ್ರಂಪ್ ಕಾರ್ಡಿನಲ್ಲಿ ಅವನ ಎತ್ತರಕ್ಕೆ ಎದುರೇ ಇರಲಿಲ್ಲ. ಆದರೆ ಈಗ ಕೂತು ನೋಡಿದರೆ ಅವನಿಗೆ ಮಾತನ್ನೇ ಕೊಟ್ಟಿಲ್ಲ. ಅವನಿಗೆ ಯಾಕೆ ಕೋಪ, ಏನು ಬೇಕು, ಯಾರೂ ಹೇಳಲಿಲ್ಲ. ಅಷ್ಟೆತ್ತರದ ಆಳನ್ನು ಸುಮ್ನೆ ಗೋಡೆ ಥರ ನಿಲ್ಲಿಸಿದರು. 2017ರಲ್ಲಿ ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿದ ಜಿಂದರ್ ಮಹಲ್‌ಗೆ ಮಾತು ಕೊಟ್ಟರು. ಆದರೆ ಅದೇ ಹಳೆ ಮಾತು: ನಾನು ಬೇರೆ ಥರ ಕಾಣ್ತೀನಿ, ಅದಕ್ಕೇ ನನ್ನನ್ನು ಬೈತೀರಿ ಅಂತ. ಇವೆರಡನ್ನೂ ನೋಡಿದ ಮೇಲೆ ನಾನು ಗಟ್ಟಿ ಮಾಡಿಕೊಂಡೆ: ನನ್ನ ಹೀಲ್, ಅಂದರೆ ಖಳ, ಹೇಳುವುದು ಸರಿ ಇರಬೇಕು. ಕೇಳಿದವರು ಮನೆಗೆ ಹೋಗಿ, "ಅವ್ನು ಹೇಳಿದ್ರಲ್ಲಿ ತಪ್ಪೇನಿದೆ?" ಅಂತ ಊಟದ ಹೊತ್ತಿಗೆ ಜಗಳ ಆಡಬೇಕು.

ಇದನ್ನು ಕಲಿಸಲು ನಮ್ಮಲ್ಲಿ ತಾಳಮದ್ದಳೆ ಇದೆಯಲ್ಲ, ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವುದು. ಮಳೆಗಾಲದಲ್ಲಿ ಮೇಳಗಳು ತಿರುಗಾಟ ಮುಗಿಸಿ ಕೂತಿರುತ್ತವೆ. ತೋಟದಲ್ಲೂ ಔಷಧಿ ಹೊಡೆಯುವುದು ಬಿಟ್ಟರೆ ಸಂಜೆ ಬಿಡುವು. ನಮ್ಮೂರಿನ ಒಬ್ಬ ಹಿರಿಯ ಅರ್ಥಧಾರಿಗಳ (ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವವರು) ಮನೆ ಜಗಲಿಯಲ್ಲಿ ಹುಡುಗರನ್ನು ಕೂರಿಸಿದೆ. ಆ ಮಳೆಗಾಲ ಪೂರ್ತಿ ಯಾರೂ ಯಾರನ್ನೂ ಮುಟ್ಟಲಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತು ಮಾತ್ರ. ಅವರು ಕೌರವನ ಪಕ್ಷ ವಹಿಸಿ ಮಾತಾಡಿದರೆ ಪಾಂಡವರಿಗೆ ರಾಜ್ಯ ಯಾಕೆ ಕೊಡಬೇಕು ಅಂತ ನಮಗೇ ಅನುಮಾನ ಬರುತ್ತದೆ. ಹುಡುಗರಿಗೆ ಅವರು ಇಟ್ಟ ನಿಯಮ ಒಂದೇ. ಎದುರಿನವನು ಹೇಳಿದ್ದಕ್ಕೆ ಉತ್ತರ ಕೊಡದೆ ನಿನ್ನ ಮಾತು ಮುಂದುವರಿಸಬಾರದು. ನಮ್ಮವರು ಮೊದಲ ವಾರಗಳಲ್ಲಿ ಟಿವಿಯ ಪ್ರೋಮೋ, ಅಂದರೆ ರೆಸ್ಲರ್‌ಗಳು ಮೈಕ್ ಹಿಡಿದು ಹಾಕುವ ಸವಾಲು, ಬಾಯಿಪಾಠ ಮಾಡಿಕೊಂಡು ಬಂದು ಒದರುತ್ತಿದ್ದರು. ಅವರು ಅರ್ಧಕ್ಕೇ ತಡೆದು "ಯಾರಿಗೆ ಹೇಳ್ತಾ ಇದ್ದಿ ಇದನ್ನ?" ಅಂತ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹೇಳುವಂತಾದ ಮೇಲೆ ಹುಡುಗರ ದನಿಯೇ ಬದಲಾಯಿತು. ಆಮೇಲೆ ಅವರು ಕಲಿಸಿದ ಇನ್ನೊಂದು ವಿಷಯವಿದೆ, ಮಾತಿನ ನಡುವೆ ಎಲ್ಲಿ ನಿಲ್ಲಿಸಿದರೆ ಜನ ಉಸಿರು ಹಿಡಿಯುತ್ತಾರೆ ಅಂತ. ಅದನ್ನು ಇಲ್ಲಿ ಬಿಚ್ಚಿಡಲ್ಲ. ಅದು ಅವರ ವಿದ್ಯೆ.

ಕಥೆ ನಾನೇ ಬರೆದೆ. ಬೇಬಿಫೇಸ್, ಅಂದರೆ ನಾಯಕನ ಹೆಸರು ತುಂಗಾ ವೀರ. ಬೆಂಗಳೂರಿನಲ್ಲಿ ಕೆಲಸ, ಚಂದದ ಹುಡುಗ, ಹಬ್ಬಕ್ಕೆ ಜಾತ್ರೆಗೆ ಬರುತ್ತಾನೆ, ಬಂದಾಗೆಲ್ಲ ಗೆಲ್ಲುತ್ತಾನೆ. ಹೀಲ್ ಹೆಸರು ಕಾಡುಕೋಣ. ಊರಲ್ಲೇ ಉಳಿದವನು. ಮೊದಲ ಸಂಜೆ ಅವನು ಮೈಕ್ ತೆಗೆದುಕೊಂಡು ಹೇಳಿದ್ದು ಹೆಚ್ಚೂಕಡಿಮೆ ಹೀಗಿತ್ತು: "ನಿಮ್ಮ ವೀರ ಜಾತ್ರೆಗೆ ಬರ್ತಾನೆ, ಹಾರ ಹಾಕಿಸ್ಕೊಳ್ತಾನೆ, ಭಾನುವಾರ ರಾತ್ರಿ ಬಸ್ಸು ಹತ್ತುತ್ತಾನೆ. ಜುಲೈ ತಿಂಗಳಲ್ಲಿ ಕರೆಂಟ್ ಲೈನ್ ಮೇಲೆ ಮರ ಬಿದ್ರೆ ಕತ್ತಿ ಹಿಡ್ಕೊಂಡು ಬರೋದು ಯಾರು? ನಾನು. ಚಪ್ಪಾಳೆ ಯಾರಿಗೆ? ಅವ್ನಿಗೆ." ಸಭೆ ತಣ್ಣಗಾಯಿತು. ಅಲ್ಲಿ ಕೂತಿದ್ದ ಅರ್ಧ ಜನರ ಮಕ್ಕಳು ಬೆಂಗಳೂರಲ್ಲೇ ಇದ್ದಾರೆ. ನನಗೆ ಆಗಲೇ ಗೊತ್ತಾಯಿತು, ಇದು ನಿಲ್ಲುತ್ತದೆ ಅಂತ.

ಮಾತಿನಲ್ಲಿ ಇಷ್ಟು ಸರಿ ಇದ್ದವನು ಅಖಾಡದಲ್ಲಿ ಮೋಸ ಮಾಡಲೇಬೇಕು. ಕಣ್ಣಿಗೆ ಬೆರಳು, ರೆಫರಿ ಬೆನ್ನ ಹಿಂದೆ ಹಗ್ಗದಲ್ಲಿ ಕುತ್ತಿಗೆ. ಆಗ ಜನರಿಗೆ ಅವನನ್ನು ಪೂರ್ತಿ ಮೆಚ್ಚುವುದಕ್ಕೂ ಆಗಲ್ಲ, ಪೂರ್ತಿ ಬೈಯುವುದಕ್ಕೂ ಆಗಲ್ಲ.

ರಿಂಗಿನ ವಿಷಯ. ಟಿವಿಯಲ್ಲಿ ಕಾಣುವ 20 ಅಡಿ ರಿಂಗ್ ನಮ್ಮಂಥವರಿಗೆ ಬೇಡವೇ ಬೇಡ. 14 ಅಡಿ ಸಾಕು. ಓಟ ಕಡಿಮೆ, ಹುಡುಗರು ಸುಸ್ತಾಗಲ್ಲ, ಹಿಂದಿನ ಸಾಲಿಗೂ ಮುಖ ಕಾಣುತ್ತದೆ. ಪೈಪಿನ ಚೌಕಟ್ಟು ವೆಲ್ಡಿಂಗ್ ಮಾಡಿಸಲು 24 ಸಾವಿರದ ಆಸುಪಾಸು, ಪ್ಲೈವುಡ್‌ಗೆ 14 ಸಾವಿರ, ಫೋಮ್ ಮತ್ತು ಮೇಲಿನ ಹೊದಿಕೆಗೆ ಹತ್ತು ಹನ್ನೆರಡು. ಮೊದಲು ಪ್ಲೈವುಡ್ ಬದಲು ಅಡಿಕೆ ದಬ್ಬೆ ಹಾಸಿ ನೋಡಿದ್ದೆವು. ದುಡ್ಡು ಉಳಿಯಿತು, ಆದರೆ ಒಂದೊಂದು ದಬ್ಬೆ ಒಂದೊಂದು ಥರ ಬಗ್ಗುತ್ತದೆ. ಬಿದ್ದ ಹುಡುಗನ ಬೆನ್ನ ಮೇಲೆ ಸಾಲುಸಾಲು ಬಾಸುಂಡೆ. ಬಿಟ್ಟೆವು. ಮೊದಲು ತಂದ ಪ್ಲೈವುಡ್ ಅಗ್ಗದ್ದು, ಮಳೆಗಾಲದ ತೇವಕ್ಕೆ ಉಬ್ಬಿ ಪದರ ಬಿಟ್ಟಿತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡನೇ ಸಲ ವಾಟರ್‌ಪ್ರೂಫ್ ಹಲಗೆಯನ್ನೇ ತಂದೆವು. ಆ 14 ಸಾವಿರ ಅದರ ಲೆಕ್ಕ.

ರಿಂಗಿನ ಸುತ್ತ ಕಟ್ಟಲು ಡಬ್ಲ್ಯೂಡಬ್ಲ್ಯೂಇಯವರು ನಿಜವಾದ ಹಗ್ಗಕ್ಕೇ ಟೇಪ್ ಸುತ್ತುತ್ತಾರೆ. ಅವರಿಗೆ ಎದುರಾಳಿಯಾಗಿದ್ದ ಹಳೆಯ ಡಬ್ಲ್ಯೂಸಿಡಬ್ಲ್ಯೂ ಕಂಪನಿಯ ರಿಂಗಿನಲ್ಲಿ ಉಕ್ಕಿನ ಕೇಬಲ್ ಮೇಲೆ ರಬ್ಬರ್ ಪೈಪ್ ಇತ್ತು. ನಾವು ಎರಡನೆಯದನ್ನು ಹಿಡಿದೆವು, ಯಾಕೆಂದರೆ ಹಗ್ಗ ನಮ್ಮ ಹವೆಗೆ ಜೋತು ಬೀಳುತ್ತದೆ. ತೋಟಕ್ಕೆ ನೀರು ಬಿಡುವ ಹಳೆ ಪೈಪು ಎಲ್ಲರ ಮನೆಯಲ್ಲೂ ಇದೆ. ಸೀಳಿ ಕೇಬಲ್ ಮೇಲೆ ಹಾಕಿ ಕೆಂಪು ಟೇಪ್ ಸುತ್ತಿದೆವು. ಖರ್ಚು ಎರಡು ಸಾವಿರ ದಾಟಲಿಲ್ಲ. ಹಲಗೆಯ ಕೆಳಗೆ ದೊಡ್ಡ ಸದ್ದು ಬರಲು ಏನು ಇಟ್ಟಿದ್ದೇವೆ ಅಂತ ಬಹಳ ಜನ ಕೇಳಿದ್ದಾರೆ. ಅದು ನಮ್ಮಲ್ಲೇ ಇರಲಿ.

ನಡುವೆ ಬೇರೆ ಬೇರೆ ಪ್ರಯೋಗವೂ ಆಯಿತು. ಮೆಕ್ಸಿಕೋದಲ್ಲಿ ಎಲ್ ಸ್ಯಾಂಟೊ ಅನ್ನುವ ಹೆಸರಾಂತ ರೆಸ್ಲರ್‌ನನ್ನು ಮುಖವಾಡದ ಸಮೇತ ಮಣ್ಣು ಮಾಡಿದರು. ಮುಖವಾಡಕ್ಕೆ ಅಲ್ಲಿ ಅಷ್ಟು ಬೆಲೆ. ನಾವೂ ಒಬ್ಬನಿಗೆ ಮುಖವಾಡ ಹಾಕಿದೆವು. ರಿಂಗಿನ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಷ್ಟೇ, ನಡಿಗೆ ನೋಡಿಯೇ ಮಕ್ಕಳು ಅವನ ಮನೆ ಹೆಸರು ಕೂಗಿದರು. ಸಣ್ಣ ಊರಿಗೆ ಮುಖವಾಡ ಆಗುವುದಿಲ್ಲ. ಎಂಟ್ರಿಗೆ ಚಂಡೆ ಬಾರಿಸಿ ನೋಡಿದೆವು. ಕಾಡುಕೋಣನಿಗೆ ಅದು ಅದ್ಭುತವಾಗಿ ಹೊಂದಿತು, ವೀರನಿಗೆ ಹೊಂದಲಿಲ್ಲ. ಅವನಿಗೆ ಡಿಜೆ ಹಾಡೇ ಸರಿ, ಅವನು ಪೇಟೆಯವನಲ್ವಾ? ಕಾಮೆಂಟರಿ ಪೂರ್ತಿ ತೆಗೆದುಬಿಟ್ಟೆವು. ಜನರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಟ್ಯಾಗ್ ಟೀಮ್, ಅಂದರೆ ಇಬ್ಬಿಬ್ಬರ ಜೋಡಿ ಪಂದ್ಯದ ಬಗ್ಗೆ ನನಗೇ ಅಷ್ಟು ನಂಬಿಕೆ ಇರಲಿಲ್ಲ. ಆದರೆ ರಾಕ್ ಅಂಡ್ ರೋಲ್ ಎಕ್ಸ್‌ಪ್ರೆಸ್ ಜೋಡಿಯ ರಿಕಿ ಮಾರ್ಟನ್ ಹೊಡೆತ ತಿನ್ನುವ ಪಂದ್ಯಗಳನ್ನು ಹುಡುಗರಿಗೆ ತೋರಿಸಿ, ಹಾಗೇ ಮಾಡಿ ಅಂದೆ. ಸಣ್ಣ ಮೈಯ ಹುಡುಗ ಹತ್ತು ನಿಮಿಷ ಏಟು ತಿಂದು ತೆವಳಿಕೊಂಡು ಬಂದು ಜೊತೆಗಾರನ ಕೈ ಮುಟ್ಟಿದಾಗ ಬಂದ ಕೂಗು ಬಸ್ ಸ್ಟ್ಯಾಂಡಿಗೆ ಕೇಳಿಸಿತಂತೆ. ಹಾಟ್ ಟ್ಯಾಗ್ ಅನ್ನುವ ಈ ಕೈ ಮುಟ್ಟುವ ಘಳಿಗೆ ಹಳೆಯದಾಯಿತು ಅನ್ನುವವರು ಒಮ್ಮೆ ನಮ್ಮಲ್ಲಿಗೆ ಬನ್ನಿ.

ಈಗ ಮುಖ್ಯ ವಿಷಯ, ಡಬಲ್ ಟರ್ನ್, ಅಂದರೆ ನಾಯಕ ಮತ್ತು ಖಳ ಪಾತ್ರ ಅದಲುಬದಲಾಗುವುದು. ನನ್ನ ಮಾದರಿ 1997ರ ಮಾರ್ಚ್ 23ರ ರೆಸಲ್‌ಮೇನಿಯಾ 13, ಆ ಕಂಪನಿಯ ವರ್ಷದ ದೊಡ್ಡ ಆಟ. ಬ್ರೆಟ್ ಹಾರ್ಟ್ ಮತ್ತು ಆಸ್ಟಿನ್. ಮುಖದ ತುಂಬ ರಕ್ತ, ಶಾರ್ಪ್‌ಶೂಟರ್ ಅನ್ನುವ ಕಾಲಿನ ಪಟ್ಟಿನಲ್ಲಿ ಸಿಕ್ಕಿಬಿದ್ದರೂ ಆಸ್ಟಿನ್ ಸೋತೆ ಅನ್ನಲಿಲ್ಲ, ಎಚ್ಚರ ತಪ್ಪಿದ. ಗಂಟೆ ಹೊಡೆದ ಮೇಲೂ ಬ್ರೆಟ್ ಹೊಡೆದ. ಒಂದೇ ಪಂದ್ಯದಲ್ಲಿ ಒಳ್ಳೆಯವನು ಕೆಟ್ಟವನಾದ, ಕೆಟ್ಟವನು ಊರಿನವನಾದ. ರೆಸ್ಲಿಂಗಿನಲ್ಲಿ ಇದಕ್ಕಿಂತ ಚೆನ್ನಾಗಿ ಕಥೆ ಹೇಳಿದ ಪಂದ್ಯ ನಾನು ನೋಡಿಲ್ಲ. 1996ರಲ್ಲಿ ನಾಯಕನಾಗಿದ್ದ ಹಲ್ಕ್ ಹೋಗನ್ ಖಳನಾಗಿ ತಿರುಗಿಬಿದ್ದಾಗ ಜನ ರಿಂಗಿಗೆ ಕಸ ಎಸೆದರು, ಅದೂ ದೊಡ್ಡದೇ. ಆದರೆ ಅದು ಆಘಾತ. ಬ್ರೆಟ್ ಮತ್ತು ಆಸ್ಟಿನ್ ಪಂದ್ಯದಲ್ಲಿ ಜನ ತಾವಾಗಿಯೇ ಜಾಗ ಬದಲಾಯಿಸಿದರು.

ನಮ್ಮ ಗುಂಪಿನಲ್ಲೇ ಇದಕ್ಕೆ ವಿರೋಧ ಬಂತು. ಜನರಿಗೆ ತಲೆಬುಡ ಗೊತ್ತಾಗಲ್ಲ, ಊರಿನವರಿಗೆ ಒಬ್ಬ ಹೀರೋ ಒಬ್ಬ ವಿಲನ್ ಸಾಕು ಅಂದರು. ಭೀಮ ತೊಡೆಗೆ ಹೊಡೆದದ್ದು ನಿಯಮವಾ ಅಂತ ಕೇಳಿದೆ. ಬಲರಾಮನಿಗೇ ಸಿಟ್ಟು ಬಂದ ಏಟು ಅದು. ಆ ಪ್ರಸಂಗ ತಲೆತಲಾಂತರದಿಂದ ನೋಡಿದ ಜನಕ್ಕೆ ಡಬಲ್ ಟರ್ನ್ ಯಾರೂ ಕಲಿಸಬೇಕಾಗಿಲ್ಲ.

ಇನ್ನೊಂದು ವಾದ ಅವಸರದ್ದು. ಬೇಗ ತಿರುಗಿಸಿ ಮುಗಿಸೋಣ ಅಂತ. ನಾನು ಒಪ್ಪಲಿಲ್ಲ. ಡಬ್ಲ್ಯೂಡಬ್ಲ್ಯೂಇಯ ಕೋಡಿ ರೋಡ್ಸ್ 2023ರಲ್ಲಿ ಚಾಂಪಿಯನ್ ರೋಮನ್ ರೇನ್ಸ್‌ಗೆ ಸೋತಾಗ ನನ್ನ ಗೆಳೆಯರೆಲ್ಲ ಟಿವಿ ಆಫ್ ಮಾಡಿದ್ದರು. ನಾನೊಬ್ಬನೇ ಅದು ಸರಿ ಅಂದಿದ್ದೆ. 2024ರ ಏಪ್ರಿಲ್‌ನಲ್ಲಿ ಕೋಡಿ ಗೆದ್ದು ರೋಮನ್‌ನ 1316 ದಿನಗಳ ಆಳ್ವಿಕೆ ಮುಗಿದಾಗ ಆ ಸೋಲಿನ ಬೆಲೆ ಗೊತ್ತಾಯಿತು. ಸ್ಯಾಮಿ ಝೇನ್ ಕೂಡ ಹಾಗೇ. 2023ರ ರಾಯಲ್ ರಂಬಲ್‌ನಲ್ಲಿ ಅವನು ರೋಮನ್ ಬೆನ್ನಿಗೆ ಹೊಡೆದ ಕುರ್ಚಿ ಏಟು ಅಷ್ಟು ಕೆಲಸ ಮಾಡಿದ್ದು ತಿಂಗಳುಗಟ್ಟಲೆ ಅವನು ರೋಮನ್ ಗುಂಪಿನಲ್ಲಿ ಮನೆಯವನಂತೆ ಇದ್ದದ್ದರಿಂದ. ಹಾಗಾಗಿ ಕುರ್ಚಿಯನ್ನು ನಾವು ಈ ಸೀಸನ್ ಪೂರ್ತಿಯಲ್ಲಿ ಒಂದೇ ಸಲ ಎತ್ತಿದೆವು. ಎತ್ತಿದ್ದು ಮಾತ್ರ. ಹೊಡೆಯಲಿಲ್ಲ.

ಕೊನೆ ಕೊಯ್ಲು ಮುಗಿದು ಕೈಯಲ್ಲಿ ಕಾಸು ಆಡುವ ಹೊತ್ತಿಗೆ ಶುರು ಮಾಡಿದೆವು. ಹೆಚ್ಚೂಕಡಿಮೆ ಎರಡು ವಾರಕ್ಕೊಂದು ಸಂಜೆ. ಮೈಕ್ ಹತ್ತು ಗಂಟೆಗೆ ನಿಲ್ಲಬೇಕು, ಅದಕ್ಕೆ ಏಳಕ್ಕೇ ಶುರು. ಮೊದಲ ಸಂಜೆ 80 ಜನ ಇದ್ದಿರಬಹುದು. ಕೊನೆಯ ಹಿಂದಿನ ಸಂಜೆ ಮುನ್ನೂರು ದಾಟಿತ್ತು. ಅವತ್ತು ವೀರ ಕಾಡುಕೋಣನ ಕಾಲು ತಿರುಚಿ ಹಿಡಿದ. ಕಾಡುಕೋಣ ಹಗ್ಗದ ಕಡೆ ಕೈ ಚಾಚಿದ, ಸಿಗಲಿಲ್ಲ. ಸೋತೆ ಅನ್ನಲಿಲ್ಲ. ಕಣ್ಣು ಮುಚ್ಚಿದ. ಶಾಲೆಯ ಹಳೆ ಗಂಟೆ ಹೊಡೆದರೂ ವೀರ ಬಿಡಲಿಲ್ಲ. ಒಬ್ಬ ಅಜ್ಜಿ ಎದ್ದು ನಿಂತು "ಬಿಡಾ ಅವನ್ನ, ಸಾಕು!" ಅಂತ ಕೂಗಿದರು. ಅವರ ಹಿಂದೆ ಇಡೀ ಸಭೆ. ಹುಡುಗ ಎದ್ದು ಕುಂಟುತ್ತಾ ಹೋಗುವಾಗ ಚಪ್ಪಾಳೆ ಶುರುವಾಯಿತು. ಮಳೆಗಾಲದ ಮರದ ಮಾತು ಯಾರೂ ಮರೆತಿರಲಿಲ್ಲ.

ಕೊನೆಯ ಸಂಜೆ ಆರುನೂರರ ಹತ್ತಿರ ಜನ. ಕಾಡುಕೋಣ ಮೋಸ ಇಲ್ಲದೆ, ನಡುವೆ ಯಾರೂ ಓಡಿ ಬರದೆ, ಗೆದ್ದ. ಮಣ್ಣಿನ ಕುಸ್ತಿ ಆಡಿ ವಯಸ್ಸಾದ ಒಬ್ಬ ಪೈಲ್ವಾನರು ರಿಂಗ್ ಹತ್ತಿ ಅವನಿಗೆ ನೂರು ರೂಪಾಯಿ ಕೊಟ್ಟು ಬೆನ್ನು ತಟ್ಟಿದರು. ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ದೊಡ್ಡವರಿಗೆ 50 ರೂಪಾಯಿ, ಮಕ್ಕಳಿಗೆ ಉಚಿತ. ಕೊನೆಯ ದಿನದ ಟಿಕೆಟ್ಟೇ 21-22 ಸಾವಿರ ಬಂತು. ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯಲ್ಲಿ ಆರೇಳು ಸಾವಿರ. ಸೀಸನ್ ಲೆಕ್ಕ ಹಾಕಿದರೆ ರಿಂಗಿನ ಖರ್ಚು ತೀರಿ, ಹುಡುಗರಿಗೆ ತಲಾ ಎರಡೆರಡು ಸಾವಿರ ಕೊಟ್ಟು, ಹಳೆ ನಷ್ಟದಲ್ಲಿ ಅರ್ಧ ತುಂಬಿತು. ಈಗ ಸಾಗರದ ಕಡೆಯವರು ಫೋನ್ ಮಾಡಿ ರಿಂಗ್ ಬಾಡಿಗೆಗೆ ಕೇಳುತ್ತಿದ್ದಾರೆ. ಲಾರಿ ಖರ್ಚು ಅವರದ್ದು, ದಿನಕ್ಕೆ ನಾಲ್ಕು ಸಾವಿರ, ಬಿಚ್ಚಿ ಕಟ್ಟಲು ನಮ್ಮ ಇಬ್ಬರು ಹುಡುಗರು ಬರುತ್ತಾರೆ ಅಂತ ಹೇಳಿದ್ದೇನೆ. ವೀರ ಮುಂದಿನ ಸೀಸನ್‌ಗೆ ಯಾಕೆ ವಾಪಸ್ ಬರುತ್ತಾನೆ ಅನ್ನುವುದನ್ನು ಈ ಮಳೆಗಾಲದಲ್ಲಿ ಜಗಲಿ ಮೇಲೆ ಕೂತು ತೀರ್ಮಾನಿಸಬೇಕು. ಅವನಿಗೂ ಒಂದು ನ್ಯಾಯ ಇದೆ ಅಂತ ಅರ್ಥಧಾರಿಗಳು ಆಗಲೇ ವಾದ ಶುರು ಮಾಡಿದ್ದಾರೆ.