ಹೊಲ ಲೇಔಟ್ ಆಗುವ ಮುನ್ನ: ಪರಿಸರ ವರದಿ ಓದುವುದು ಹೇಗೆ?

ಬೇಸಾಯದ ಜಮೀನಿನಲ್ಲಿ ದೊಡ್ಡ ಬಡಾವಣೆ ಏಳಬೇಕಾದರೆ ಎಷ್ಟೋ ಕಡೆ ಅದಕ್ಕೂ ಮೊದಲು ಪರಿಸರ ಪರಿಣಾಮ ವರದಿ, ಅಂದರೆ ಯೋಜನೆಯಿಂದ ನೆಲ, ನೀರಿಗೆಲ್ಲ ಏನಾಗುತ್ತದೆ ಎಂದು ಹೇಳುವ ವರದಿ ಬರಬೇಕು. ಅಮೆರಿಕದ ಸಂಸತ್ತು 1969ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಆಮೇಲೆ ಬೇರೆ ದೇಶಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. 1992ರ ರಿಯೊ ಘೋಷಣೆಯಲ್ಲೂ ಇದು ಸೇರಿದೆ.

ವರದಿ ನೂರಾರು ಪುಟ ಇರುತ್ತದೆ. ಎಲ್ಲವನ್ನೂ ಓದಬೇಕಿಲ್ಲ. ಆದರೆ ಸಾರಾಂಶವನ್ನಷ್ಟೇ ಓದಿ ಮುಚ್ಚಿಡಬೇಡಿ. ಬಹಳಷ್ಟು ದೇಶಗಳಲ್ಲಿ ವರದಿ ಬರೆಸುವವರು ಯೋಜನೆಯವರೇ. ದುಡ್ಡು ಕೊಟ್ಟವರ ಕೆಲಸ ಸಾರಾಂಶದಲ್ಲಿ ಚೆಂದವಾಗಿಯೇ ಕಾಣುತ್ತದೆ, ಅಲ್ವಾ?

ಯಾವುದರ ಜೊತೆ ಹೋಲಿಕೆ?

ಮೊದಲು ‘ಈಗಿನ ಸ್ಥಿತಿ’ ಎಂಬ ಅಧ್ಯಾಯ ತೆರೆಯಿರಿ. ಬೀಳು ಬಿಟ್ಟ ಹೊಲವನ್ನು ‘ಖಾಲಿ ಜಾಗ’ ಎಂದು ಬರೆದಿದ್ದರೆ ಅಲ್ಲೇ ಗುರುತು ಹಾಕಿ. ಆ ಹೊಲವೂ ಮಳೆನೀರು ಇಂಗಿಸುತ್ತಿರುತ್ತದೆ, ಹಕ್ಕಿಗಳಿಗೆ ಮೇವು ಕೊಡುತ್ತಿರುತ್ತದೆ. ಅಂತರ್ಜಲವನ್ನು ಯಾವ ತಿಂಗಳು ಅಳೆದಿದ್ದಾರೆ, ನೋಡಿ. ಮಳೆಗಾಲ ಮುಗಿದ ಕೂಡಲೇ ಅಳೆದರೆ ಯಾವ ಬಾವಿಯಾದರೂ ತುಂಬಿಕೊಂಡೇ ಇರುತ್ತದೆ.

‘ಯೋಜನೆ ಬರದಿದ್ದರೆ ಏನಾಗುತ್ತದೆ’ ಎಂಬ ಭಾಗವನ್ನೂ ಹುಡುಕಿ. ಎಷ್ಟೋ ಸಲ ಅದು ಅರ್ಧ ಪುಟ ಇರುತ್ತದೆ. ಬೇರೆ ಜಾಗಗಳನ್ನು ನಿಜವಾಗಿ ಪರಿಶೀಲಿಸಿದ್ದಾರಾ, ಸುಮ್ನೆ ಹೆಸರಿಸಿ ಕೈಬಿಟ್ಟಿದ್ದಾರಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ನೀರಿನ ಲೆಕ್ಕ ನೀವೇ ಹಾಕಿ

ನನ್ನನ್ನು ಕೇಳಿದರೆ, ಒಂದೇ ಅಧ್ಯಾಯಕ್ಕೆ ಸಮಯವಿದ್ದರೆ ಇದಕ್ಕೇ ಕೊಡಿ. ಲೆಕ್ಕ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಯೋಜನೆ 10 ಹೆಕ್ಟೇರ್‌ನದು, ಅಂದರೆ ಸುಮಾರು 25 ಎಕರೆ ಎಂದುಕೊಳ್ಳಿ. ಒಂದು ಜೋರು ಮಳೆಗೆ 60 ಮಿ.ಮೀ. ಬಿದ್ದರೆ ಒಟ್ಟು 60 ಲಕ್ಷ ಲೀಟರ್.

ಇದರಲ್ಲಿ ಎಷ್ಟು ಪಾಲು ಹರಿದು ಹೋಗುತ್ತದೆ ಎಂಬುದನ್ನು ಎಂಜಿನಿಯರುಗಳು ಹರಿವಿನ ಗುಣಾಂಕದಲ್ಲಿ ಹೇಳುತ್ತಾರೆ. ಮಣ್ಣು, ಇಳಿಜಾರು ನೋಡಿಕೊಂಡು ಅದು ಬದಲಾಗುತ್ತದೆ. ಹೊಲಕ್ಕೆ 0.3, ಒತ್ತಾಗಿ ಕಟ್ಟಿದ ಬಡಾವಣೆಗೆ 0.8 ಎಂದಿಟ್ಟುಕೊಳ್ಳೋಣ. ಮೊದಲು ಹರಿಯುತ್ತಿದ್ದದ್ದು 18 ಲಕ್ಷ ಲೀಟರ್, ಇನ್ನು ಮುಂದೆ 48 ಲಕ್ಷ. ಜಾಸ್ತಿಯಾದ 30 ಲಕ್ಷ ಲೀಟರನ್ನು ತಡೆಹಿಡಿಯಲು ಎರಡು ಮೀಟರ್ ಆಳದ ಹೊಂಡವಾದರೂ 1500 ಚದರ ಮೀಟರ್ ಜಾಗ ಬೇಕು. ಈಗ ನಕ್ಷೆ ಬಿಡಿಸಿ ನೋಡಿ, ಅಷ್ಟು ದೊಡ್ಡ ಹೊಂಡ ಇದೆಯಾ? ಇಲ್ಲವಾದರೆ ಆ ನೀರು ತಗ್ಗಿನಲ್ಲಿರುವ ಪಕ್ಕದ ರೈತನ ಹೊಲಕ್ಕೆ ನುಗ್ಗುತ್ತದೆ. ಇಂಗುವುದು ಕಡಿಮೆಯಾಗಿ ಅವನ ಬಾವಿಗೂ ಪೆಟ್ಟು ಬೀಳುತ್ತದೆ.

ಮಣ್ಣು

ಎರಡು–ಮೂರು ಸೆಂಟಿಮೀಟರ್ ಮಣ್ಣು ರೂಪುಗೊಳ್ಳಲು ಸಾವಿರ ವರ್ಷದವರೆಗೂ ಬೇಕಾಗಬಹುದು ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಹಾಗಾಗಿ ಕೆರೆದು ತೆಗೆದ ಮೇಲ್ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಇನ್ನೊಂದು ಮಾತು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ಹೊಲ ಅಂದಮೇಲೆ ಮಣ್ಣು ಶುದ್ಧ ಎಂದೇನಿಲ್ಲ. ಹಳೆಯ ಹಣ್ಣಿನ ತೋಟಗಳಲ್ಲಿ ಹಿಂದೆ ಸೀಸ ಮತ್ತು ಆರ್ಸೆನಿಕ್ ಇದ್ದ ಕೀಟನಾಶಕ ಹೊಡೆಯುತ್ತಿದ್ದರು. ಅವು ದಶಕಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತವೆ. ನಾಳೆ ಅದೇ ಮಣ್ಣಲ್ಲಿ ಮಕ್ಕಳು ಆಡುತ್ತಾರೆ. ಮಣ್ಣಿನ ಪರೀಕ್ಷೆಯಲ್ಲಿ ಸಾರಜನಕ, ರಂಜಕ ಮಾತ್ರ ಇದ್ದರೆ ಸಾಲದು.

ಪೈಪಿನ ಅಳತೆ

ದೊಡ್ಡ ಯೋಜನೆಯನ್ನು ಹಂತ ಒಂದು, ಹಂತ ಎರಡು ಎಂದು ಸೀಳಿ, ಪ್ರತಿಯೊಂದರಲ್ಲೂ ‘ಪರಿಣಾಮ ಅಲ್ಪ’ ಎಂದು ಬರೆಯುವುದು ಹಳೇ ಚಾಲಾಕಿತನ. ಇದನ್ನು ಹಿಡಿಯಲು ಒಳಚರಂಡಿ ಪೈಪು ಎಷ್ಟು ಮನೆಗೆ ಸಾಲುತ್ತದೆ ಎಂದು ನೋಡಿ. ಐನೂರು ಮನೆಯ ಬಡಾವಣೆಗೆ ಎರಡು ಸಾವಿರ ಮನೆಯ ಪೈಪು ಹಾಕುತ್ತಿದ್ದರೆ, ಸುತ್ತಲಿನ ಹೊಲಗಳ ಮೇಲೂ ಕಣ್ಣಿದೆ ಎಂದೇ ಅನುಮಾನಿಸಿ. ಹಾಗಿದ್ದರೆ ಆ ಹೊಲಗಳ ಲೆಕ್ಕವೂ ಈ ವರದಿಯಲ್ಲೇ ಬರಬೇಕು.

ಪರಿಹಾರದ ಪಟ್ಟಿ

‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಸಾಲು ಕಂಡಲ್ಲೆಲ್ಲ ಪೆನ್ನಿನಿಂದ ಗೆರೆ ಎಳೆಯಿರಿ. ಯಾರು, ಯಾವಾಗ, ಯಾರ ಖರ್ಚಿನಲ್ಲಿ ಎಂದಿಲ್ಲದಿದ್ದರೆ ಅದು ಪರಿಹಾರವೇ ಅಲ್ಲ. ‘ಒಂದು ಎಕರೆ ಕಳೆದರೆ ಬೇರೆಡೆ ಒಂದು ಎಕರೆ ಹೊಲ ಕಾಪಾಡುತ್ತೇವೆ’ ಎಂಬ ಭರವಸೆಯೂ ಇರಬಹುದು. ಕಾಪಾಡುವುದು ಒಳ್ಳೆಯದೇ. ಆದರೆ ಆ ಎಕರೆ ಮೊದಲೇ ಇತ್ತು, ಹೊಸದೇನೂ ಹುಟ್ಟಲಿಲ್ಲ. ಹೋದದ್ದು ಹೋಯಿತು.

ಆಕ್ಷೇಪಣೆ ಬರೆಯುವಾಗ

ಕೊನೇ ದಿನಾಂಕವನ್ನು ಮೊದಲೇ ಗುರುತು ಮಾಡಿಕೊಳ್ಳಿ. ‘ನಮ್ಮ ಹಸಿರು ಉಳಿಸಿ’ ಎಂದು ಬರೆದರೆ ‘ಗಮನಿಸಲಾಗಿದೆ’ ಎಂದು ಉತ್ತರ ಬರುತ್ತದೆ, ಅಷ್ಟೇ. ಅದರ ಬದಲು ಪುಟ ಸಂಖ್ಯೆ ಹಾಕಿ, ಒಂದು ಪ್ಯಾರಾಕ್ಕೆ ಒಂದೇ ಪ್ರಶ್ನೆ ಕೇಳಿ: ‘ಈ ಪುಟದಲ್ಲಿ ಹರಿವಿನ ಗುಣಾಂಕ 0.5 ಎಂದಿದೆ. ನಕ್ಷೆಯಲ್ಲಿ ನೆಲದ ಬಹುಪಾಲು ಕಾಂಕ್ರೀಟ್. 0.5 ಹೇಗೆ ಬಂತು?’ ಇಂಥ ಪ್ರಶ್ನೆಯಿಂದ ಜಾರಿಕೊಳ್ಳುವುದು ಕಷ್ಟ. ವರದಿಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಯಲ್ಲಿ ಮಾತಾಡಿದ್ದರೂ ಬರಹದಲ್ಲೂ ಕೊಡಿ, ಸ್ವೀಕೃತಿ ಪಡೆಯಿರಿ.

ಒಪ್ಪಿಗೆ ಸಿಕ್ಕಿಬಿಟ್ಟರೆ ಷರತ್ತುಗಳ ಪ್ರತಿ ಕೇಳಿ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಹೋಗಿ, ನಕ್ಷೆಯಲ್ಲಿ ಹೊಂಡವಿದ್ದ ಜಾಗದಲ್ಲಿ ಹೊಂಡವೇ ಇದೆಯಾ, ಪಾರ್ಕಿಂಗ್ ಬಂದಿದೆಯಾ ನೋಡಿ. ಪಾರ್ಕಿಂಗ್ ಬಂದಿದ್ದರೆ ಫೋಟೊ ತೆಗೆದು, ಷರತ್ತಿನ ಸಂಖ್ಯೆ ಸಮೇತ ಒಪ್ಪಿಗೆ ಕೊಟ್ಟ ಪ್ರಾಧಿಕಾರಕ್ಕೆ ದೂರು ಕಳಿಸಿ.