ಸಾಹಿತ್ಯಕ್ಕೊಂದು ನಂಬರು, ಮಟ್ಟಿಗೊಂದು ನಂಬರು: ಚೀನೀ ಪಾಪ್ ಸಂಗ್ರಹ ಜೋಡಿಸಿದ ನನ್ನ ಅನುಭವ

ಸಿಡಿಗಳನ್ನು ಗಾಯಕರ ಹೆಸರಿನ ಪ್ರಕಾರ ಜೋಡಿಸುವುದು ಎಲ್ಲರ ರೂಢಿ. ಚೀನೀ ಪಾಪ್ ವಿಷಯದಲ್ಲಿ ಆ ರೂಢಿ ಐವತ್ತು ಸಿಡಿಯವರೆಗೆ ನಡೆಯುತ್ತದೆ, ಮುನ್ನೂರು ದಾಟಿದರೆ ಕೈಕೊಡುತ್ತದೆ. ನನ್ನ ಹತ್ತಿರ ಈಗ 640ರ ಆಸುಪಾಸು ಸಿಡಿಗಳಿವೆ, ಹಾಡುಗಳು ಏಳು ಸಾವಿರ ಇರಬಹುದು. ಅವನ್ನು ಗಾಯಕರ ಮೇಲಲ್ಲ, ಬರೆದವರ ಮೇಲೆ ಮತ್ತು ಮಟ್ಟು ಹಾಕಿದವರ ಮೇಲೆ ಜೋಡಿಸಿದ್ದೇನೆ. 'ಸ್ಟ್ರೀಮಿಂಗ್‌ನಲ್ಲಿ ಎಲ್ಲ ಸಿಗುವಾಗ ಈ ಉಸಾಬರಿ ಯಾಕೆ' ಅಂದವರೇ ಹೆಚ್ಚು. ಹಾಡು ಸಿಗುತ್ತದೆ, ಸರಿ. ಆದರೆ 'ಲಿನ್ ಶಿ ಸಾಹಿತ್ಯ ಬರೆದ, ಮಟ್ಟು ಮಾತ್ರ ಜಪಾನಿನಿಂದ ಬಂದ, 1995ಕ್ಕಿಂತ ಹಿಂದಿನ ಕ್ಯಾಂಟನೀಸ್ ಹಾಡುಗಳು' ಅಂತ ಅಲ್ಲಿ ಕೇಳಿ ನೋಡಿ (ಲಿನ್ ಶಿ ಹಾಂಗ್‌ಕಾಂಗಿನ ಗೀತರಚನಕಾರ, ಕ್ಯಾಂಟನೀಸ್ ಅಲ್ಲಿಯ ಚೀನೀ ಭಾಷೆ). ನನ್ನ ಪಟ್ಟಿ ಎರಡು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ.

ಇಎಸಿ (ಸಿಡಿಯಿಂದ ಹಾಡು ತೆಗೆಯುವ ತಂತ್ರಾಂಶ), ಫ್ಲ್ಯಾಕ್ (ಗುಣಮಟ್ಟ ಕಳೆಯದ ಹಾಡಿನ ಫೈಲ್), ಫೂಬಾರ್ (ಹಾಡು ನುಡಿಸುವ ತಂತ್ರಾಂಶ), ಎಸ್‌ಕ್ಯುಲೈಟ್ (ಕೋಷ್ಟಕಗಳ ದತ್ತಸಂಗ್ರಹ) ಬಳಸಿ ಗೊತ್ತಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಮೂಲಪಾಠ ಹೇಳುವುದಿಲ್ಲ.

ಮೊದಲ ಸೋಲು ಹೆಸರುಗಳದ್ದು. ಇಂಗ್ಲಿಷ್ ಅಕ್ಷರದ ಹೆಸರನ್ನೇ ಕೀಲಿಯಾಗಿ, ಅಂದರೆ ಪಟ್ಟಿಯಲ್ಲಿ ಒಬ್ಬರನ್ನು ಗುರುತಿಸುವ ಗುರುತಾಗಿ, ಇಟ್ಟುಕೊಂಡಿದ್ದೆ. ಗಾಯಕಿಯರಲ್ಲಿ ಜೋಲಿನ್ ತ್ಸಾಯ್ ತೈವಾನಿನವರು, ತಾನ್ಯಾ ಚುವಾ ನಾನಿರುವ ಸಿಂಗಪುರದವರು. ತ್ಸಾಯ್, ಚುವಾ ಎರಡೂ ಒಂದೇ ಅಕ್ಷರದ ಮನೆತನದ ಹೆಸರು, ಹಾಂಗ್‌ಕಾಂಗಿಗೆ ಹೋದರೆ ಅದೇ ಚೋಯ್ ಆಗುತ್ತದೆ. ಲಿನ್, ಲಾಮ್, ಲಿಮ್ ಮೂರೂ ಒಂದೇ. ಸ್ಟೆಫನಿ ಸುನ್ ಅವರ ಸುನ್, ಸಿಂಗಪುರದ ಕಾಗದಪತ್ರದ ಸ್ಙ್ ಕೂಡ ಹಾಗೆಯೇ. ಫೇ ವಾಂಗ್ ಅವರ 1989ರ ಮೊದಲ ಹಾಂಗ್‌ಕಾಂಗ್ ಆಲ್ಬಮ್ ಮೇಲೆ ವಾಂಗ್ ಚಿಂಗ್‌ವೆನ್ ಎಂಬ ಹೆಸರಿದೆ, ಇಂಗ್ಲಿಷಿನಲ್ಲಿ ಶರ್ಲಿ. ಮೂಲ ಹೆಸರಿಗೆ ಅವರು ಮರಳಿದ್ದು 1994ರಲ್ಲಿ. ನನ್ನ ಮೊದಲ ಪಟ್ಟಿಯಲ್ಲಿ ಆಕೆ ಮೂವರು ಗಾಯಕಿಯರಾಗಿ ಕೂತಿದ್ದರು.

ಇದಕ್ಕಿಂತ ಕೆಟ್ಟ ಗುಂಡಿ ಸಾಹಿತ್ಯ ಬರೆಯುವವರಲ್ಲಿದೆ. ಲಿನ್ ಶಿ ಎಂಬುದು ಕಾವ್ಯನಾಮ, ನಿಜನಾಮ ಲ್ಯುಂಗ್ ವಾಯ್‌ಮನ್. ಅವರ ಜತೆಗೇ ಹಾಂಗ್‌ಕಾಂಗಿನಲ್ಲಿ ಅಷ್ಟೇ ಹೆಸರಾದ ಇನ್ನೊಬ್ಬ ಗೀತರಚನಕಾರ ವೈಮನ್ ವಾಂಗ್, ಅಂದರೆ ವಾಂಗ್ ವಾಯ್‌ಮನ್. 'ವಾಯ್‌ಮನ್' ಎಂಬ ಎರಡು ಅಕ್ಷರ ಇಬ್ಬರಿಗೂ ಒಂದೇ. 'ಎರಡು ವಾಯ್‌ಮನ್' ಅಂತ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ಈ ಇಬ್ಬರ ನಡುವೆ ಕಲಸಿಹೋದ ಹಾಡುಗಳನ್ನು ಬಿಡಿಸಲು ನನಗೆ ಮೂರು ವಾರ ಹಿಡಿಯಿತು. ಈಗ ಕೀಲಿ ಎಂದರೆ ಬರೀ ನಂಬರು. ಹೆಸರುಗಳೆಲ್ಲ ಪಕ್ಕದ ಕೋಷ್ಟಕದಲ್ಲಿ ಅಡ್ಡಹೆಸರಿನ ಹಾಗೆ ಇರುತ್ತವೆ. ಒಬ್ಬರಿಗೆ ಎಷ್ಟು ಬೇಕಾದರೂ ಅಡ್ಡಹೆಸರು ಇರಲಿ, ನಂಬರು ಒಂದೇ. ಸುಮಾರು 1,100 ಜನರಿಗೆ 2,700ರಷ್ಟು ಹೆಸರುಗಳಾಗಿವೆ.

ಎರಡನೆಯ ಸೋಲಿಗೆ ದುಡ್ಡೂ ಹೋಯಿತು. ಸಿಡಿ ಡಬ್ಬಿಯೊಳಗಿನ ವಿವರದ ಒಳಹಾಳೆಗಳನ್ನು ಟೈಪ್ ಮಾಡಿಸಿದೆ, ಇನ್ನೂರು ಸಿಡಿಗೆ 450 ಸಿಂಗಪುರ ಡಾಲರ್. ಟೈಪ್ ಆಗಿ ಬಂದದ್ದು ಸರಳೀಕೃತ ಲಿಪಿಯಲ್ಲಿ (ಚೀನಾ, ಸಿಂಗಪುರದ್ದು; ತೈವಾನ್, ಹಾಂಗ್‌ಕಾಂಗಿನದ್ದು ಹಳೆಯ ಸಾಂಪ್ರದಾಯಿಕ ಲಿಪಿ). ಓಪನ್‌ಸಿಸಿ ಎಂಬ ಲಿಪಿ ಬದಲಿಸುವ ತಂತ್ರಾಂಶ ಹಾಕಿ ಸಾಂಪ್ರದಾಯಿಕಕ್ಕೆ ತಿರುಗಿಸಿದರಾಯಿತು ಎಂದುಕೊಂಡೆ. ಸಾಂಪ್ರದಾಯಿಕದಿಂದ ಸರಳಕ್ಕೆ ಹೋಗುವ ದಾರಿ ಇಳಿಜಾರು. ವಾಪಸ್ ಬರುವ ದಾರಿಯಲ್ಲಿ ಕವಲುಗಳಿವೆ, ಯಾಕೆಂದರೆ ಎರಡು ಮೂರು ಹಳೆಯ ಅಕ್ಷರಗಳು ಸೇರಿ ಒಂದು ಸರಳ ಅಕ್ಷರವಾಗಿರುತ್ತವೆ. ಮೇವಿಸ್ ಫ್ಯಾನ್ ಅವರ ಮನೆತನದ ಅಕ್ಷರ ತಿರುಗಿ ಬರುವಾಗ 'ಮಾದರಿ' ಎಂಬರ್ಥದ ಬೇರೆ ಅಕ್ಷರವಾಯಿತು. ಕೆನ್ನಿ ಬೀ ಅವರ 'ಜೊಂಗ್' ಗಂಟೆ-ಗಡಿಯಾರದ ಅಕ್ಷರವಾಯಿತು. ಪದಗುಚ್ಛ ಇದ್ದರೆ ಓಪನ್‌ಸಿಸಿ ಸರಿಯಾಗಿ ಊಹಿಸುತ್ತದೆ, ಬಿಡಿ ಹೆಸರಿನಲ್ಲಿ ಊಹಿಸಲು ಅದಕ್ಕೆ ಏನೂ ಸಿಗುವುದಿಲ್ಲ. ಅದರ ಮೇಲೆ ಪಿನ್‌ಯಿನ್ (ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿ) ಕೀಲಿಮಣೆಯ ತಪ್ಪುಗಳು ಬೇರೆ: ಉಚ್ಚಾರ ಒಂದೇ ಇರುವ ಮೊದಲ ಅಕ್ಷರ ತೆರೆಗೆ ಬಂತು, ಅದನ್ನೇ ಒತ್ತಿ ಮುಂದೆ ಹೋಗಿದ್ದರು. ಆ 450 ಡಾಲರಿನಲ್ಲಿ ಉಪಯೋಗಕ್ಕೆ ಬಂದದ್ದು ಹಾಡಿನ ಕ್ರಮಸಂಖ್ಯೆ ಮಾತ್ರ! ಈಗಿನ ನಿಯಮ ಒಂದೇ: ಒಳಹಾಳೆಯಲ್ಲಿ ಯಾವ ಅಕ್ಷರ ಅಚ್ಚಾಗಿದೆಯೋ ಅದೇ ಕೋಷ್ಟಕಕ್ಕೆ ಹೋಗಬೇಕು. ತಿರುಗಿಸುವುದು ಹುಡುಕುವಾಗ ಮಾತ್ರ, ಅದೂ ಸರಳದ ಕಡೆಗೆ ಮಾತ್ರ.

ಹಳೆಯ ಎಂಪಿ3 ರಾಶಿ ಇದ್ದವರಿಗೆ ಒಂದು ಎಚ್ಚರಿಕೆ. ಫೈಲಿನೊಳಗೆ ಬರೆದಿರುವ ಹಾಡಿನ ವಿವರ, ಅಂದರೆ ಟ್ಯಾಗ್‌ಗಳು, ತೈವಾನ್, ಹಾಂಗ್‌ಕಾಂಗಿನವಾದರೆ ಬಿಗ್5, ಚೀನಾ ಮುಖ್ಯನಾಡಿನವು ಜಿಬಿಕೆ; ಎರಡೂ ಚೀನೀ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಬೇರೆ ಬೇರೆ ಸಂಕೇತಗಳು. ಬಿಗ್5 ಪಠ್ಯವನ್ನು ಜಿಬಿಕೆ ಎಂದು ಓದಿದರೆ ಪ್ರಶ್ನೆಚಿಹ್ನೆ ಬರುವುದಿಲ್ಲ, ಚೀನೀ ಅಕ್ಷರಗಳೇ ಬರುತ್ತವೆ, ಅರ್ಥ ಮಾತ್ರ ಇರುವುದಿಲ್ಲ. ಚೀನೀ ಮಾತೃಭಾಷೆಯಲ್ಲದ ನಮ್ಮಂಥವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಹೆಚ್ಚು ಬಳಕೆಯ ಸಾವಿರ ಅಕ್ಷರಗಳ ಪಟ್ಟಿ ಇಟ್ಟುಕೊಂಡು, ಹಾಡಿನ ಶೀರ್ಷಿಕೆಯ ಅರ್ಧಕ್ಕಿಂತ ಹೆಚ್ಚು ಅಕ್ಷರ ಅದರ ಹೊರಗಿದ್ದರೆ ಪಕ್ಕಕ್ಕೆ ತೆಗೆಯಿರಿ. ನನ್ನಲ್ಲಿ ನಾನೂರು ಚಿಲ್ಲರೆ ಸಿಕ್ಕವು.

ಇನ್ನು ಒಳಹಾಳೆ. ನಮ್ಮ ಕ್ಯಾಸೆಟ್ಟುಗಳ ಮೇಲೆ 'ಸಾಹಿತ್ಯ, ಸಂಗೀತ' ಎಂದಿರುವಂತೆ ಅಲ್ಲಿ ಪ್ರತಿ ಹಾಡಿನ ಕೆಳಗೂ ತ್ಸ (ಸಾಹಿತ್ಯ), ಚ್ಯು (ಮಟ್ಟು), ಬಿಯೆನ್‌ಚ್ಯು (ವಾದ್ಯಸಂಯೋಜನೆ), ಜಿಜುವೊ (ನಿರ್ಮಾಣ) ಎಂದು ಬಿಡಿಬಿಡಿಯಾಗಿ ಇರುತ್ತದೆ. ಸ್ಕ್ಯಾನರಿಗೆ 130 ಡಾಲರ್ ಕೊಟ್ಟೆ, ಸಾಮಾನ್ಯ ಚಪ್ಪಟೆ ಸ್ಕ್ಯಾನರ್ ಸಾಕು. ನೇರ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಚ್ಚಿನ ಚುಕ್ಕಿಗಳು ಅಲೆಅಲೆಯಾಗಿ ಅಕ್ಷರವನ್ನು ತಿನ್ನುತ್ತವೆ. 600ರಲ್ಲಿ ತೆಗೆದು, ಸ್ವಲ್ಪ ಮಸುಕು ಮಾಡಿ, ಆಮೇಲೆ 300ಕ್ಕೆ ಇಳಿಸಬೇಕು. ಫೋಟೋ ಮೇಲೆ ಬಿಳಿ ಅಕ್ಷರವಿದ್ದರೆ ಬಣ್ಣ ತಿರುಗಿಸಿಕೊಳ್ಳಿ. ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಟೆಸರ್ಯಾಕ್ಟ್‌ನಲ್ಲಿ ಲಂಬಸಾಲಿಗೆ ಬೇರೆ ಮಾದರಿ ಫೈಲ್ ಇದೆ, ಅಡ್ಡಸಾಲಿನದ್ದನ್ನು ಹಾಕಿ 'ಓದುತ್ತಲೇ ಇಲ್ಲ' ಎಂದು ಬೈಯಬೇಡಿ. ಇಷ್ಟಾದರೂ ನೂರು ಹೆಸರಿಗೆ ಹದಿನೈದು ತಪ್ಪು ಬರುತ್ತಿತ್ತು. ಬಂದದ್ದನ್ನು ವ್ಯಕ್ತಿ ಕೋಷ್ಟಕದ ಜತೆ ಹೋಲಿಸಿ, ಒಂದೇ ಅಕ್ಷರ ವ್ಯತ್ಯಾಸವಿದ್ದರೆ ಕೋಷ್ಟಕದ ಹೆಸರನ್ನೇ ಹಿಡಿದೆ. ತಪ್ಪು ಮೂರಕ್ಕೆ ಇಳಿಯಿತು. ಕೋಷ್ಟಕ ಬೆಳೆದಂತೆ ತಪ್ಪೂ ಕಡಿಮೆಯಾಗುತ್ತದೆ, ಆದ್ದರಿಂದ ಹೆಚ್ಚು ಹೆಸರುಗಳಿರುವ ಸಂಕಲನ ಸಿಡಿಗಳಿಂದಲೇ ಶುರುಮಾಡಿ.

ಕೆಳಗೆ ಸಣ್ಣಕ್ಷರದಲ್ಲಿ ಓಪಿ, ಎಸ್‌ಪಿ ಎಂದಿರುವ ಸಾಲನ್ನು ಬಿಡಬೇಡಿ. ಓಪಿ ಮೂಲ ಪ್ರಕಾಶಕ, ಎಸ್‌ಪಿ ಸ್ಥಳೀಯ ಉಪಪ್ರಕಾಶಕ. ಓಪಿ ಜಪಾನಿನದ್ದಾಗಿ ಎಸ್‌ಪಿ ತೈವಾನಿನದ್ದಾಗಿದ್ದರೆ ಮಟ್ಟು ಆಮದು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಫೇ ವಾಂಗ್‌ಗೆ 1992ರಲ್ಲಿ ಹೆಸರು ತಂದ ಕ್ಯಾಂಟನೀಸ್ ಹಾಡಿನ ಮಟ್ಟು ಜಪಾನಿನ ನಾಕಾಜಿಮಾ ಮಿಯುಕಿ ಅವರದ್ದು. ತೆರೆಸಾ ತೆಂಗ್ 1983ರಲ್ಲಿ ಹಾಡಿದ ಕ್ಯಾಂಟನೀಸ್ ಶೀರ್ಷಿಕೆಗೀತೆಯ ಮಟ್ಟೂ ಅವರದ್ದೇ. ಜಾಕಿ ಚ್ಯುಂಗ್ ಅವರ 1991ರ ದೊಡ್ಡ ಹಾಡೊಂದರ ಮಟ್ಟು ಜಪಾನಿನ ಸದರ್ನ್ ಆಲ್ ಸ್ಟಾರ್ಸ್ ತಂಡದ್ದು. ಹಾಂಗ್‌ಕಾಂಗಿನ ಕಮರ್ಷಿಯಲ್ ರೇಡಿಯೊ 1995ರಲ್ಲಿ ಸ್ವಂತ ಮಟ್ಟಿನ ಹಾಡುಗಳಿಗೇ ಆದ್ಯತೆ ಎಂದು ಹಠ ಹಿಡಿದ ಮೇಲೆ ಈ ಆಮದು ಇಳಿಯಿತು. ನನ್ನ ಕೋಷ್ಟಕದಲ್ಲೂ ಆ ಇಳಿತ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಸೇರಿಸಿದ ಮೇಲೂ ಒಂದು ವರ್ಷ ಎಲ್ಲ ಗೋಜಲಾಗಿಯೇ ಇತ್ತು. 'ಹಾಡು' ಎಂಬ ಒಂದೇ ಕೋಷ್ಟಕ ಇಟ್ಟುಕೊಂಡಿದ್ದೇ ತಪ್ಪು. ಲೋ ತಾ-ಯು ಹಾಂಗ್‌ಕಾಂಗಿನ ಮೇಲೆ ಮಟ್ಟು ಹಾಕಿದ 'ಪೂರ್ವದ ಮುತ್ತು' ಹಾಡನ್ನೇ ನೋಡಿ. ಮೊದಲು ಮೈಕಲ್ ಕ್ವಾನ್ ಹಾಡಿದ ಕ್ಯಾಂಟನೀಸ್ ಸಾಹಿತ್ಯ ಚೆಂಗ್ ಕ್ವೊಕ್‌ಕೊಂಗ್ ಅವರದ್ದು, 1991ರ ಮ್ಯಾಂಡರಿನ್ (ಚೀನಾ, ತೈವಾನಿನ ಮುಖ್ಯ ಚೀನೀ ಭಾಷೆ) ಸಾಹಿತ್ಯ ಲೋ ಅವರದ್ದೇ. ಮಟ್ಟು ಒಂದು, ಸಾಹಿತ್ಯ ಎರಡು, ಧ್ವನಿಮುದ್ರಣ ಲೆಕ್ಕವಿಲ್ಲದಷ್ಟು. ಸಾಲದ್ದಕ್ಕೆ ಅದೇ ಶೀರ್ಷಿಕೆಯಲ್ಲಿ ಜೆನ್ನಿ ತ್ಸೆಂಗ್ 1981ರಲ್ಲಿ ಹಾಡಿದ, ಜೋಸೆಫ್ ಕೂ ಮಟ್ಟಿನ, ಸಂಬಂಧವೇ ಇಲ್ಲದ ಇನ್ನೊಂದು ಹಾಡಿದೆ. ಈಸನ್ ಚಾನ್ ಅವರ ಮ್ಯಾಂಡರಿನ್ 'ಹತ್ತು ವರ್ಷ' ಮತ್ತು ಕ್ಯಾಂಟನೀಸ್ 'ಮುಂದಿನ ವರ್ಷ ಇದೇ ದಿನ' ಎರಡಕ್ಕೂ ಮಟ್ಟು ಚೆನ್ ಶಿಯಾವೊಶಿಯಾ ಅವರದ್ದು, ಸಾಹಿತ್ಯ ಎರಡೂ ಲಿನ್ ಶಿ ಅವರದ್ದು, ಆದರೆ ಒಂದು ಇನ್ನೊಂದರ ಅನುವಾದವಲ್ಲ. ಹೀಗಾಗಿ ಮಟ್ಟು, ಸಾಹಿತ್ಯ, ಧ್ವನಿಮುದ್ರಣ, ಆಲ್ಬಮ್ ನಾಲ್ಕಕ್ಕೂ ಬೇರೆ ಬೇರೆ ಕೋಷ್ಟಕ ಮಾಡಿದೆ. ಆ ದಿನದಿಂದ ಗೋಜಲು ಬಿಟ್ಟುಕೊಂಡಿತು.

ಪ್ರಶಸ್ತಿಗಳೂ ಅಲ್ಲೇ ಸರಿಯಾಗಿ ಕೂತವು. ಮೊದಲು ಪ್ರಶಸ್ತಿಯನ್ನು ಫೈಲಿನ ಟ್ಯಾಗಿನಲ್ಲಿ ಬರೆಯುತ್ತಿದ್ದೆ, ದೊಡ್ಡ ದಡ್ಡತನ. ತೈವಾನಿನ ಗೋಲ್ಡನ್ ಮೆಲೊಡಿ ಎಂಬ ಸಂಗೀತ ಪ್ರಶಸ್ತಿಗಳಲ್ಲಿ ಸಾಹಿತ್ಯದ ಪ್ರಶಸ್ತಿ ಸಾಹಿತ್ಯಕ್ಕೆ ಅಂಟಬೇಕು, ಸಂಯೋಜಕರದ್ದು ಮಟ್ಟಿಗೆ, ವರ್ಷದ ಹಾಡು ಧ್ವನಿಮುದ್ರಣಕ್ಕೆ, ಗಾಯಕರದ್ದು ಆಲ್ಬಮ್ ಮತ್ತು ವ್ಯಕ್ತಿ ಎರಡಕ್ಕೂ. 2008ರ 19ನೇ ಆವೃತ್ತಿಯಲ್ಲಿ ಜೇ ಚೌ ಅವರ 'ಚಿಂಗ್‌ಹುವಾ ತ್ಸ್', ಅಂದರೆ ನೀಲಿ-ಬಿಳಿ ಪಿಂಗಾಣಿ, ವರ್ಷದ ಹಾಡಾಯಿತು. ಅದೇ ಹಾಡಿನ ಮಟ್ಟಿಗೆ ಜೇ ಚೌ ಅವರಿಗೆ, ಸಾಹಿತ್ಯಕ್ಕೆ ಫಾಂಗ್ ವೆನ್‌ಶಾನ್ ಅವರಿಗೆ ಪ್ರಶಸ್ತಿ. ಒಂದೇ ಹಾಡು ಮೂರು ಕೋಷ್ಟಕಗಳಲ್ಲಿ ಮೂರು ಸಾಲು.

ಇಸವಿ ಇನ್ನೊಂದು ತಲೆನೋವು. ಗೋಲ್ಡನ್ ಮೆಲೊಡಿ ಹಿಂದಿನ ಕ್ಯಾಲೆಂಡರ್ ವರ್ಷದ ಬಿಡುಗಡೆಗಳಿಗೆ ಕೊಡುವಂಥದ್ದು. ಜೇ ಚೌ ಅವರ ಮೊದಲ ಆಲ್ಬಮ್ ಬಂದದ್ದು 2000ದ ನವೆಂಬರಿನಲ್ಲಿ, ಅತ್ಯುತ್ತಮ ಆಲ್ಬಮ್ ಆದದ್ದು 2001ರ 12ನೇ ಸಮಾರಂಭದಲ್ಲಿ. ಆವೃತ್ತಿಯ ಸಂಖ್ಯೆಗೆ 1989 ಕೂಡಿಸಿದರೆ ಸಮಾರಂಭದ ವರ್ಷ ಬರುತ್ತದೆ: 12ಕ್ಕೆ 2001, 31ಕ್ಕೆ 2020. ಆದರೆ ಮೊದಲ ಕೆಲವು ಆವೃತ್ತಿಗಳಿಗೆ ಈ ಸೂತ್ರ ಹಾಕಬೇಡಿ, ಮೊದಲೆರಡೂ 1990ರಲ್ಲೇ ನಡೆದಿವೆ. ತಿಂಗಳನ್ನು ಊಹಿಸುವುದೂ ಬೇಡ: ಕೊರೊನಾ ಕಾರಣದಿಂದ 2020ರದ್ದು ಅಕ್ಟೋಬರಿಗೆ, 2021ರದ್ದು ಆಗಸ್ಟಿಗೆ ಜಾರಿತು. ಹಾಂಗ್‌ಕಾಂಗಿನ ಕಮರ್ಷಿಯಲ್ ರೇಡಿಯೊದ ಪ್ರಶಸ್ತಿ ಇನ್ನೊಂದು ಬಗೆ. ಹೊಸ ವರ್ಷದ ಮೊದಲ ದಿನ ಸಮಾರಂಭ, ಹೆಸರಿನಲ್ಲಿರುವುದು ಮಾತ್ರ ಹಿಂದಿನ ವರ್ಷ. ಹೀಗಾಗಿ ಆವೃತ್ತಿ, ಸಮಾರಂಭದ ದಿನಾಂಕ, ಬಿಡುಗಡೆಯ ವರ್ಷ ಮೂರೂ ಬೇರೆ ಅಂಕಣ. ಇವನ್ನು ಬೇರೆ ಮಾಡಿದ ಮೇಲೇ ತಾನ್ಯಾ ಚುವಾ ಅವರ ನಾಲ್ಕು ಮ್ಯಾಂಡರಿನ್ ಗಾಯಕಿ ಪ್ರಶಸ್ತಿಗಳು (2006, 2008, 2012, 2022) ಸರಿಯಾದ ಆಲ್ಬಮ್‌ಗಳ ಮೇಲೆ ಕೂತದ್ದು. ಅದಕ್ಕೆ ಮುಂಚೆ ಎರಡು ಪಕ್ಕದ ಆಲ್ಬಮ್‌ಗೆ ಜಾರಿದ್ದವು. ಆಲ್ಬಮ್ಮೇ ಇಲ್ಲದ ಸಾಲುಗಳಿಗೂ ಜಾಗ ಬಿಡಿ. 2014ರಲ್ಲಿ ವರ್ಷದ ಹಾಡಾದ ಜೊನಾಥನ್ ಲೀ ಅವರ 'ಬೆಟ್ಟ' ಬಂದದ್ದು ಬಿಡಿಹಾಡಾಗಿ.

ಈಗ ನನಗೆ ಹೆಮ್ಮೆಯ ಭಾಗ. ಒಂದೇ ಮಟ್ಟಿನ ಎರಡು ಭಾಷೆಯ ಹಾಡುಗಳನ್ನು ಹುಡುಕುವುದು ಹೇಗೆ? ಸಿಡಿಗಳಿಗೆ ಕ್ರೊಮಾಪ್ರಿಂಟ್ (ಧ್ವನಿಯಿಂದಲೇ ಹಾಡನ್ನು ಗುರುತಿಸುವ ತಂತ್ರಾಂಶ) ಬೆರಳಚ್ಚು ತೆಗೆಯುತ್ತಿದ್ದೆ, ಉದ್ದೇಶ ಸಂಕಲನಗಳಲ್ಲಿನ ನಕಲುಗಳನ್ನು ಹಿಡಿಯುವುದು. ಅದು ಸ್ವರಗಳ ಹರವನ್ನು ಅಳೆಯುತ್ತದೆ, ಮಾತನ್ನಲ್ಲ. ವಾದ್ಯದ ಹಿನ್ನೆಲೆ ಒಂದೇ ಇದ್ದರೆ ಕ್ಯಾಂಟನೀಸ್, ಮ್ಯಾಂಡರಿನ್ ಎರಡನ್ನೂ 'ಹತ್ತಿರದ ನಕಲು' ಎನ್ನುತ್ತಿತ್ತು. ಎಲ್ಲರೂ ಇದನ್ನು ದೋಷ ಎಂದು ಬಿಟ್ಟಿದ್ದಾರೆ. ನಾನು ಆ ದೋಷವನ್ನೇ ಹಿಡಿದುಕೊಂಡೆ. ಪೂರ್ತಿ ಹೊಂದಿದರೆ ನಕಲು, ಅರ್ಧಂಬರ್ಧ ಹೊಂದಿದರೆ ಅದೇ ಮಟ್ಟಿಗೆ ಬೇರೆ ಸಾಹಿತ್ಯ. 300ರಷ್ಟು ಜೋಡಿಗಳು ಒಂದೇ ರಾತ್ರಿಯಲ್ಲಿ ಬಿದ್ದವು, ಒಳಹಾಳೆಯ ಜತೆ ತಾಳೆ ನೋಡಿದಾಗ ಹತ್ತಕ್ಕೆ ಒಂಬತ್ತು ಸರಿ. ಅರ್ಧಂಬರ್ಧ ಎಂದರೆ ಎಷ್ಟು ಎನ್ನುವ ಅಂಕಿ, ಶ್ರುತಿ ಬದಲಾದಾಗ ಮಾಡುವ ತಿರುಗಣೆ, ಇವೆರಡು ನನ್ನ ಹತ್ತಿರವೇ ಇರಲಿ. ಹಿನ್ನೆಲೆಯನ್ನು ಹೊಸದಾಗಿ ಕಟ್ಟಿದ್ದರೆ ಇದು ಕೆಲಸ ಮಾಡುವುದಿಲ್ಲ, ಆಗ ಸಂಯೋಜಕರ ನಂಬರೇ ಗತಿ.

ಮಧ್ಯದಲ್ಲಿ ಒಂದೆರಡು ಅಡ್ಡದಾರಿ ಹಿಡಿದದ್ದೂ ಉಂಟು. 1980ರ ದಶಕದಲ್ಲಿ ಜಪಾನಿನಲ್ಲಿ ಒತ್ತಿದ ಸಿಡಿ ನಲವತ್ತರಷ್ಟಿವೆ. ಕೆಲವು ಕಿವಿಗೆ ಚುಚ್ಚುತ್ತಿದ್ದವು. ಪ್ರೀ-ಎಂಫಸಿಸ್ (ಎತ್ತರದ ದನಿಗಳನ್ನು ಮುದ್ರಿಸುವಾಗಲೇ ಹೆಚ್ಚಿಸುವ ಕ್ರಮ) ಹಾಕಿದವು ಎಂದು ಆಮೇಲೆ ತಿಳಿಯಿತು. ಒಂಬತ್ತರಲ್ಲಿ ಆ ಗುರುತಿತ್ತು, ಎರಡರಲ್ಲಿ ಸಿಡಿಯ ಪರಿವಿಡಿಯಲ್ಲಿ ಇಲ್ಲದೆ ಒಳಗಿನ ಸಬ್‌ಕೋಡಿನಲ್ಲಿ (ಹಾಡಿನ ಜತೆಗೇ ಬರೆದಿರುವ ಮಾಹಿತಿಯಲ್ಲಿ) ಮಾತ್ರ. ಇಎಸಿ ಪರಿವಿಡಿ ಓದಿ 'ಇಲ್ಲ' ಎಂದರೆ ನಂಬಬೇಡಿ. ಸಾಕ್ಸ್ ಎಂಬ ಧ್ವನಿ ತಂತ್ರಾಂಶದ ಡಿಎಂಫ್ ಆಜ್ಞೆ ಹಾಕಿದರೆ ಸರಿಹೋಗುತ್ತದೆ, ಆದರೆ ಮೂಲ ಫೈಲ್ ಬೇರೆ ಇಡಿ.

ಇನ್ನೊಂದು ಅಡ್ಡದಾರಿ ಕನ್ನಡದ್ದು. ಪಿನ್‌ಯಿನ್‌ನ 'ಬಿ' ನಿಜಕ್ಕೂ ನಮ್ಮ ಪ, 'ಪಿ' ಎಂದರೆ ನಮ್ಮ ಮಹಾಪ್ರಾಣ ಫ. ಇಂಗ್ಲಿಷ್ ಅಕ್ಷರಕ್ಕೆ ಹೇಳಲಾಗದ್ದನ್ನು ನಮ್ಮ ವರ್ಗಾಕ್ಷರ ನೇರವಾಗಿ ಹೇಳುತ್ತದೆ. ಆದ್ದರಿಂದ ಉಚ್ಚಾರದಿಂದ ಹುಡುಕಲು ಕನ್ನಡ ಅಂಕಣ ಮಾಡಿದೆ, ಸ್ವರಭೇದಕ್ಕೆ (ಅರ್ಥ ಬದಲಿಸುವ ದನಿಯ ಏರಿಳಿತಕ್ಕೆ) ಕೊನೆಯಲ್ಲಿ 1ರಿಂದ 4. ಫಲದ ಫ, ಫೋಟೋದ ಫ ಎರಡೂ ಒಂದೇ ಅಕ್ಷರವಾಗಿ ಫಾಂಗ್ ಯಾರು, ಪಾಂಗ್ ಯಾರು ಗೊತ್ತಾಗದೆ ಹೋಯಿತು. ಚುಕ್ಕಿ ಹಾಕಿದ ಫ಼ ಬಳಸಿದ ಮೇಲೆ ಬಗೆಹರಿಯಿತು. ಕ್ಯಾಂಟನೀಸಿಗೆ ಈ ಅಂಕಣ ಅರ್ಧಕ್ಕೆ ನಿಂತಿದೆ, ಅಲ್ಲಿ ಸ್ವರಭೇದ ಆರು.

ಖರ್ಚಿನ ಲೆಕ್ಕ: ಹಳೆಯ ಸಿಡಿಗೆ ಸರಾಸರಿ 6 ಡಾಲರ್, ಒಟ್ಟು 3,800ರಷ್ಟು. ಸ್ಕ್ಯಾನರ್ 130, ಒಂದು ಟಿಬಿಯ ಎರಡು ಡಿಸ್ಕ್ 150, ಟೈಪಿಂಗಿಗೆ ಹೋದ 450. ಫ್ಲ್ಯಾಕ್ ಆಲ್ಬಮ್ಮಿಗೆ 350 ಎಂಬಿ ಹಿಡಿದರೂ ಎಲ್ಲ ಸೇರಿ 230 ಜಿಬಿ ದಾಟಿಲ್ಲ. ಈಗ ಕೈಯಲ್ಲಿರುವುದು ಹೊಕ್ಕಿಯೆನ್ (ಇನ್ನೊಂದು ಚೀನೀ ಭಾಷೆ) ಕ್ಯಾಸೆಟ್ಟುಗಳ ಒಳಹಾಳೆ, ಐದು ಮಡಿಕೆಯದ್ದು, ಮಡಿಕೆಯ ಗೆರೆ ಸರಿಯಾಗಿ ತ್ಸ-ಚ್ಯು ಸಾಲಿನ ಮೇಲೇ ಬೀಳುತ್ತದೆ. ತೆಳು ಗಾಜಿನ ಕೆಳಗೆ ಒಂದು ರಾತ್ರಿ ಒತ್ತಿಟ್ಟು ಮರುದಿನ ಸ್ಕ್ಯಾನ್ ಮಾಡುತ್ತಿದ್ದೇನೆ, ದಿನಕ್ಕೆ ಆರು ಆಗುತ್ತದೆ.